ದೀಪಸ್ತಂಭದ ಮೇಲಣ ದೀಪ

ಕ್ರಿಸ್ತಜಯಂತಿಯ ಹಬ್ಬವು ಸಮೀಪಿಸುತ್ತಲೇ ಕ್ರೈಸ್ತರ ಮನೆಗಳ ಜಗುಲಿಗಳಲ್ಲಿ ನಕ್ಷತ್ರದೀಪಗಳು ತೂಗಾಡುವುವು. ದೇವಾಲಯದ ಕಿಟಕಿಗಳಲ್ಲಿ ಮೇಣದ ಬತ್ತಿಗಳು ಉರಿಯುವುವು. ಶಾಲೆಯ ಹುಡುಗಿಯರು ಬಿದಿರಿನ ಕಡ್ಡಿ, ಬಣ್ಣದ ಕಾಗದ, ಅಂಟುಗಳನ್ನು ಮುಂದಿಟ್ಟುಕೊಂಡು ಪಾಠದ ಪುಸ್ತಕಗಳನ್ನು ಮರೆಯುವರು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಈ ದೀಪವನ್ನು ಏಕೆ ಹಚ್ಚುವಿರೆಂದು ನೆರೆಮನೆಯ ಮಗುವೊಂದು ಕೇಳಿದರೆ, ನಮ್ಮಲ್ಲಿ ಎಷ್ಟು ಮಂದಿ ಸರಿಯಾದ ಉತ್ತರವನ್ನು ಕೊಡಬಲ್ಲೆವು? ನೋಡಲು ಅಂದವಾಗಿರುವುದೆಂಬುದು ಉತ್ತರವಲ್ಲ; ಎಲ್ಲರೂ ಹಚ್ಚುವರೆಂಬುದು ಅದಕ್ಕಿಂತಲೂ ಬಡ ಉತ್ತರ. ಆದುದರಿಂದ ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ನಾವೆಲ್ಲರೂ ಕೂಡಿ ಈ ಒಂದು ಪ್ರಶ್ನೆಯನ್ನು ಪಾಠದಂತೆ ವಿಚಾರಿಸೋಣ. ನಮ್ಮ ವಿದ್ಯಾರ್ಥಿನಿಯರಲ್ಲಿ ಕಾರ್ತಿಕಮಾಸದ ದೀಪಗಳನ್ನು ಹಚ್ಚುವ ಮನೆಗಳಿಂದ ಬಂದವರು ಅನೇಕರುಂಟು. ದೀಪವೆಂದರೇನೆಂಬುದನ್ನು ಅವರಿಗೆ ನಾವು ಹೊಸದಾಗಿ ಕಲಿಸಬೇಕಾಗಿಲ್ಲ. ಕ್ರಿಸ್ತನ ಸಭೆಯು ಆ ದೀಪದಲ್ಲಿ ಏನನ್ನು ಕಂಡಿತು ಎಂಬುದೇ ಇಂದಿನ ಪಾಠ.

1. ಬೆಳಕಿನ ಮೂರು ಗುಣಗಳು

ಯಾವುದೊಂದು ಚಿಹ್ನೆಯ ಅರ್ಥವನ್ನು ತಿಳಿಯಬೇಕಾದರೆ ಮೊದಲು ಆ ವಸ್ತುವನ್ನೇ ತಿಳಿಯಬೇಕು. ಉಪ್ಪಿನ ರುಚಿಯನ್ನು ಅರಿಯದವನಿಗೆ ಉಪ್ಪಿನ ದೃಷ್ಟಾಂತವು ವ್ಯರ್ಥ. ಬೆಳಕಿನ ಮೂರು ಗುಣಗಳನ್ನು ನಾವು ದಿನದಿನವೂ ನೋಡುತ್ತಿರುವೆವು, ಆದರೆ ಗಮನಿಸುವುದಿಲ್ಲ.

ಮೊದಲನೆಯದು, ಬೆಳಕು ತಾನು ಕಾಣಿಸಿಕೊಳ್ಳದೆ ಬೇರೆ ವಸ್ತುಗಳನ್ನು ಕಾಣಿಸುವುದು. ಬಾಗಿಲು ಮುಚ್ಚಿದ ಕೋಣೆಯೊಳಕ್ಕೆ ಹೆಂಚಿನ ಸಂದಿನಿಂದ ಬಿಸಿಲಕೋಲು ಇಳಿಯುವಾಗ ನಮಗೆ ಕಾಣುವುದು ಬೆಳಕಲ್ಲ, ಅದರೊಳಗೆ ತೇಲುವ ಧೂಳಿನ ಕಣಗಳು. ಸೂರ್ಯನ ಬೆಳಕು ಭೂಮಿಗೆ ಬರಲು ಸುಮಾರು 8 ನಿಮಿಷ 20 ಸೆಕೆಂಡುಗಳು ಹಿಡಿಯುವುವು. ಆ ದಾರಿಯುದ್ದಕ್ಕೂ ಬೆಳಕು ತುಂಬಿದ್ದರೂ ನಡುವಣ ಅವಕಾಶವು ಕಪ್ಪಾಗಿಯೇ ತೋರುವುದು. ಬೆಳಕು ಯಾವುದಾದರೊಂದು ವಸ್ತುವಿನ ಮೇಲೆ ಬಿದ್ದ ಹೊರತು ಅದು ಇದೆಯೆಂದು ಕಣ್ಣಿಗೆ ತಿಳಿಯದು.

ಎರಡನೆಯದು, ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲನೆಯದು ಕುಂದುವುದಿಲ್ಲ. ಧಾನ್ಯವನ್ನು ಹಂಚಿದರೆ ಕಣಜವು ಬರಿದಾಗುವುದು, ಹಣವನ್ನು ಹಂಚಿದರೆ ಗಂಟು ಕರಗುವುದು. ಉರಿಯನ್ನು ಹಂಚಿದರೆ ಮಾತ್ರ ಹಂಚಿದಷ್ಟೂ ಹೆಚ್ಚುವುದು.

ಮೂರನೆಯದು, ದೀಪದ ಬುಡದಲ್ಲಿ ಕತ್ತಲೆ. ಇದು ನಮ್ಮ ಹಿರಿಯರು ಗಾದೆಯಾಗಿ ಹೇಳಿದ ಮಾತು. ಪ್ರಕೃತಿಶಾಸ್ತ್ರದ ಮಾತೂ ಹೌದು. ಬೆಳಕನ್ನು ಹೊತ್ತಿರುವ ಪಾತ್ರೆಯೇ ತನ್ನ ಬುಡಕ್ಕೆ ನೆರಳನ್ನು ಬೀಳಿಸುವುದು.

ಈ ಮೂರು ಗುಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ. ಇಡೀ ಪಾಠವು ಇವುಗಳ ಮೇಲೆ ನಿಂತಿರುವುದು.

2. ಕತ್ತಲೆಯೆಂದರೆ ಯಾವ ಕತ್ತಲೆ?

ಸತ್ಯವೇದದ ಮೊದಲನೆಯ ಪುಟದಲ್ಲಿಯೇ ಬೆಳಕು ಇದೆ. ಆದಿಕಾಂಡದ ಪ್ರಕಾರ ಬೆಳಕು ಉಂಟಾದದ್ದು ಮೊದಲನೆಯ ದಿನದಲ್ಲಿ, ಸೂರ್ಯಚಂದ್ರರು ಉಂಟಾದದ್ದು ನಾಲ್ಕನೆಯ ದಿನದಲ್ಲಿ. ಬೆಳಕು ಸೂರ್ಯನ ಸ್ವಂತ ಸೊತ್ತಲ್ಲ, ದೇವರ ದಾನವು ಎಂಬುದು ಆ ಕ್ರಮದ ಅಭಿಪ್ರಾಯ. ಸೂರ್ಯನನ್ನೇ ಪೂಜಿಸುತ್ತಿದ್ದ ರಾಜ್ಯಗಳ ನಡುವೆ ಬಾಳುತ್ತಿದ್ದ ಒಂದು ಸಣ್ಣ ಜನಾಂಗಕ್ಕೆ ಇದು ದೊಡ್ಡ ಧೈರ್ಯದ ಮಾತಾಗಿತ್ತು.

ಕ್ರಿಸ್ಮಸ್ ಆರಾಧನೆಯಲ್ಲಿ ವರ್ಷವರ್ಷವೂ ಓದಲ್ಪಡುವ ಯೆಶಾಯನ 9ನೆಯ ಅಧ್ಯಾಯವನ್ನು ನೋಡಿರಿ. ಕತ್ತಲೆಯಲ್ಲಿ ನಡೆಯುತ್ತಿದ್ದ ಜನರಿಗೆ ದೊಡ್ಡ ಬೆಳಕು ಕಾಣಿಸಿತೆಂಬ ಅರ್ಥದ ಮಾತು ಅಲ್ಲಿರುವುದು. ಯಾರು ಆ ಜನರು? ಪ್ರವಾದಿಯು ಜೆಬುಲೋನ್, ನಫ್ತಾಲಿ ಎಂಬ ಸೀಮೆಗಳ ಹೆಸರನ್ನೇ ಹೇಳುವನು. ಇವು ಉತ್ತರದ ಗಡಿಯ ಸೀಮೆಗಳು. ಕ್ರಿಸ್ತಪೂರ್ವ 733-732ರ ಸುಮಾರಿಗೆ ಅಶ್ಶೂರದ ಅರಸನಾದ ತಿಗ್ಲತ್ಪಿಲೆಸೆರನು ಈ ಸೀಮೆಗಳ ಮೇಲೆ ದಂಡೆತ್ತಿ ಬಂದು, ಊರುಗಳನ್ನು ಹಾಳುಮಾಡಿ, ಜನರನ್ನು ಸೆರೆಯಾಗಿ ಒಯ್ದನು. ಪ್ರವಾದಿಯ ಕತ್ತಲೆಯು ಕೇವಲ ಕಾವ್ಯಾಲಂಕಾರವಲ್ಲ. ಅದು ಸುಟ್ಟ ಮನೆಗಳ ಕತ್ತಲೆ, ಮಕ್ಕಳನ್ನು ಕಳೆದುಕೊಂಡ ತಾಯಂದಿರ ಕತ್ತಲೆ. ಅದೇ ಅಧ್ಯಾಯದಲ್ಲಿ ದಂಡಾಳುಗಳ ಜೋಡುಗಳೂ ರಕ್ತದಲ್ಲಿ ನೆನೆದ ಬಟ್ಟೆಗಳೂ ಬೆಂಕಿಗೆ ಸೌದೆಯಾಗುವುವೆಂದು ಹೇಳಿ, ಅದರ ಬಳಿಕವೇ ಒಂದು ಮಗುವಿನ ಜನನವನ್ನು ಪ್ರವಾದಿಯು ಸಾರುವನು. ಕರ್ತನು ತನ್ನ ಸೇವೆಯನ್ನು ಗಲಿಲಾಯದಲ್ಲಿ ಆರಂಭಿಸಿದಾಗ, ಮತ್ತಾಯನು ಈ ಮಾತನ್ನೇ ನೆನಪಿಗೆ ತರುವನು. ಎಲ್ಲಿ ಕತ್ತಲೆಯು ಮೊದಲು ಕವಿಯಿತೋ ಅಲ್ಲಿಯೇ ಬೆಳಕು ಮೊದಲು ಮೂಡಿತು.

ಕ್ರಿಸ್ತನ ಜನನದ ಕಥೆಯನ್ನು ಬರೆದ ಲೂಕನು ಬೆಳಕು ಯಾರ ಸುತ್ತಲೂ ಪ್ರಕಾಶಿಸಿತೆಂದು ಹೇಳುವನು? ಅರಮನೆಯವರ ಸುತ್ತಲೂ ಅಲ್ಲ, ಯಾಜಕರ ಸುತ್ತಲೂ ಅಲ್ಲ. ರಾತ್ರಿಯಲ್ಲಿ ಹೊಲದೊಳಗೆ ಕುರಿಹಿಂಡನ್ನು ಕಾಯುತ್ತಿದ್ದ ಕುರುಬರ ಸುತ್ತಲೂ. ಇತರರು ಮಲಗಿದಾಗ ಎಚ್ಚತ್ತಿರಬೇಕಾದ ಕೆಲಸ ಯಾರದೋ ಅವರೇ ಆ ಬೆಳಕನ್ನು ಕಂಡರು. ಮತ್ತಾಯನು ಮೂಡಣ ದೇಶದ ಜೋಯಿಸರನ್ನೂ ಅವರ ನಕ್ಷತ್ರವನ್ನೂ ಹೇಳುವನು. ಆ ನಕ್ಷತ್ರವು ಯಾವುದೆಂದು ಪಂಡಿತರು ಬಹುಕಾಲದಿಂದ ವಿಚಾರಮಾಡಿರುವರು. ಕ್ರಿಸ್ತಪೂರ್ವ 7ರಲ್ಲಿ ಗುರು ಶನಿ ಗ್ರಹಗಳು ಮೀನರಾಶಿಯಲ್ಲಿ ಮೂರು ಸಾರಿ ಒಂದನ್ನೊಂದು ಸಮೀಪಿಸಿದ ಸಂಗತಿಯನ್ನು ಜರ್ಮನಿಯ ಖಗೋಳ ಶಾಸ್ತ್ರಜ್ಞನಾದ ಕೆಪ್ಲರನು ವಿಚಾರಕ್ಕೆ ತೆಗೆದುಕೊಂಡನು. 2020ರ ಡಿಸೆಂಬರ್ 21ರ ಸಂಜೆ ಅವೇ ಎರಡು ಗ್ರಹಗಳು ಆಕಾಶದಲ್ಲಿ ಬಹುಮಟ್ಟಿಗೆ ಒಂದೇ ಚುಕ್ಕೆಯಂತೆ ಕಂಡುದನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಆದರೆ ಗಣಿತದಿಂದ ಈ ಪ್ರಶ್ನೆಯು ಇತ್ಯರ್ಥವಾಗಲಿಲ್ಲ. ಸುವಾರ್ತಿಕನ ಒತ್ತು ನಕ್ಷತ್ರದ ಮೇಲಲ್ಲ, ಅದನ್ನು ಕಂಡು ಎದ್ದು ಹೊರಟವರ ಮೇಲೆ. ಹೆರೋದನ ಪಟ್ಟಣದಲ್ಲಿ ಶಾಸ್ತ್ರವನ್ನು ಬಲ್ಲವರಿದ್ದರು. ಬೇತ್ಲೆಹೇಮ್ ಎಂದು ಉತ್ತರವನ್ನೂ ಸರಿಯಾಗಿಯೇ ಹೇಳಿದರು. ಆದರೆ ಅಲ್ಲಿಂದ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಸರಿಯಾದ ಉತ್ತರವನ್ನು ಬರೆದು ಕುಳಿತಲ್ಲಿಯೇ ಕುಳಿತಿರುವವರು ಎಲ್ಲ ತರಗತಿಗಳಲ್ಲಿಯೂ ಉಂಟು.

ಶಿಶುವನ್ನು ದೇವಾಲಯಕ್ಕೆ ತಂದಾಗ ವೃದ್ಧನಾದ ಸಿಮೆಯೋನನು ಅವನನ್ನು ಕೈಗಳಲ್ಲಿ ಎತ್ತಿಕೊಂಡು, ಈತನು ಅನ್ಯಜನಗಳಿಗೂ ಬೆಳಕಾಗಿರುವನೆಂದು ಕೊಂಡಾಡಿದನು. ಅದೇ ಗಳಿಗೆಯಲ್ಲಿ ಅನ್ನ ಎಂಬ ಮುದುಕಿಯಾದ ವಿಧವೆಯು ಬಂದು ಆ ಶಿಶುವಿನ ವಿಷಯವನ್ನು ಎಲ್ಲರಿಗೂ ಹೇಳುತ್ತಿದ್ದಳು. ಸಿಮೆಯೋನನು ಬೆಳಕನ್ನು ಕಂಡು ಸಮಾಧಾನದಿಂದ ಕಣ್ಣು ಮುಚ್ಚಲು ಸಿದ್ಧನಾದನು. ಅನ್ನಳು ಅದನ್ನು ಕಂಡು ಮನೆಮನೆಗೆ ಸುದ್ದಿಯಾದಳು. ನಮ್ಮ ಹುಡುಗಿಯರು ಈ ಎರಡನೆಯವಳನ್ನು ಮರೆಯಬಾರದು.

ಯೋಹಾನನಾದರೋ ಕುರುಬರನ್ನೂ ಗೋದಲಿಯನ್ನೂ ಹೇಳದೆ, ಇಡೀ ಕ್ರಿಸ್ಮಸ್ಸನ್ನು ಬೆಳಕೆಂಬ ಒಂದೇ ಮಾತಿನಲ್ಲಿ ಅಡಗಿಸುವನು. ಕತ್ತಲೆಯು ಆ ಬೆಳಕನ್ನು ಮುಳುಗಿಸಲಾರದೆಂದೂ, ಅದು ಪ್ರತಿಯೊಬ್ಬ ಮನುಷ್ಯನಿಗೂ ಬೆಳಕು ಕೊಡುವುದೆಂದೂ ಹೇಳುವನು. ಇಲ್ಲಿ ನಮ್ಮ ಮೊದಲನೆಯ ಗುಣವನ್ನು ನೆನಪುಮಾಡಿಕೊಳ್ಳಿರಿ. ದೇವರು ಯಾರ ಕಣ್ಣಿಗೂ ಬೀಳದ ಬೆಳಕು. ಆ ಬೆಳಕು ಒಂದು ಮನುಷ್ಯ ಜೀವದ ಮೇಲೆ ಬಿದ್ದಾಗ, ಹಸಿವು ನಿದ್ರೆ ಕಣ್ಣೀರುಗಳುಳ್ಳ ಒಂದು ಮಗುವಿನ ಮುಖದ ಮೇಲೆ ಬಿದ್ದಾಗ, ಅದು ನಮಗೆ ಕಾಣುವಂಥಾದ್ದಾಯಿತು. ಕ್ರೈಸ್ತ ನಂಬಿಕೆಯ ಹೃದಯವೇ ಇದು.

3. ಸ್ತ್ರೀಯರ ಅಂಗಳದ ದೀಪಗಳು

ಕರ್ತನು ತನ್ನನ್ನು ಲೋಕದ ಬೆಳಕೆಂದು ಹೇಳಿಕೊಂಡ ಸ್ಥಳವನ್ನು ಯೋಹಾನನು ಗುರುತಿಸಿಟ್ಟಿರುವನು. ಅದು ಯೆರೂಸಲೇಮಿನ ದೇವಾಲಯದಲ್ಲಿ, ಬೊಕ್ಕಸದ ಬಳಿಯಲ್ಲಿ. ಅದರ ಹಿಂದಣ ಅಧ್ಯಾಯವು ಪರ್ಣಶಾಲೆಗಳ ಹಬ್ಬದ ಕಾಲದ್ದು. ಆ ಹಬ್ಬದ ರಾತ್ರಿಗಳ ವರ್ಣನೆಯು ಯೆಹೂದ್ಯರ ಮಿಷ್ನಾ ಎಂಬ ಗ್ರಂಥದಲ್ಲಿ ಸಿಕ್ಕುವುದು. ದೇವಾಲಯದ ಸ್ತ್ರೀಯರ ಅಂಗಳದಲ್ಲಿ ಚಿನ್ನದ ದೊಡ್ಡ ದೀಪಸ್ತಂಭಗಳನ್ನು ನಿಲ್ಲಿಸುತ್ತಿದ್ದರು. ಏಣಿಗಳನ್ನು ಹತ್ತಿ ಅವುಗಳಿಗೆ ಎಣ್ಣೆ ಹೊಯ್ಯುತ್ತಿದ್ದರು. ಯಾಜಕರ ಹಳೆಯ ಉಡುಪುಗಳನ್ನು ಹರಿದು ಬತ್ತಿಗಳನ್ನಾಗಿ ಹೊಸೆಯುತ್ತಿದ್ದರು. ಆ ಬೆಳಕು ಬೀಳದ ಅಂಗಳವೇ ಯೆರೂಸಲೇಮಿನಲ್ಲಿ ಇರಲಿಲ್ಲವೆಂದು ಅಲ್ಲಿ ಹೇಳಿದೆ. ಆ ಬೆಳಕಿನಲ್ಲಿ ಹೆಂಗಸೊಬ್ಬಳು ಗೋದಿಯನ್ನು ಆರಿಸಬಹುದಾಗಿತ್ತೆಂದು ತಲ್ಮೂದ್ ಎಂಬ ಗ್ರಂಥವು ಹೇಳುವುದು.

ಸ್ತ್ರೀಯರ ಅಂಗಳವೆಂಬ ಹೆಸರು ಬಂದದ್ದು, ಹೆಂಗಸರು ಸಾಮಾನ್ಯವಾಗಿ ಅದನ್ನು ದಾಟಿ ಒಳಕ್ಕೆ ಹೋಗುತ್ತಿರಲಿಲ್ಲವಾದುದರಿಂದ. ಕಾಣಿಕೆಯ ಪೆಟ್ಟಿಗೆಗಳೂ ಆ ಅಂಗಳದಲ್ಲಿಯೇ ಇದ್ದುವೆಂದು ವಿದ್ವಾಂಸರು ಎಣಿಸುವರು. ಬಡ ವಿಧವೆಯು ತನ್ನ ಎರಡು ಕಾಸುಗಳನ್ನು ಹಾಕಿದ್ದೂ ಆ ಬೊಕ್ಕಸದಲ್ಲಿಯೇ. ಹಾಗಾದರೆ, ಹೆಣ್ಣುಮಕ್ಕಳು ನಿಂತು ಕೇಳಬಹುದಾದ ಸ್ಥಳದಲ್ಲಿಯೇ ಕರ್ತನು ಬೆಳಕಿನ ಮಾತನ್ನಾಡಿದನು. ಒಳಗಣ ಬಾಗಿಲಿನ ಆಚೆಗೆ ನಿಂತು ಆಡಿದ್ದರೆ ಅರ್ಧ ಜನರಿಗೆ ಅದು ಕೇಳಿಸುತ್ತಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಓದುವವರಿಗೂ ಓದಿಸುವವರಿಗೂ ಇದು ಸಣ್ಣ ಮಾತಲ್ಲ.

ಆ ಕಾಲದ ಮನೆಯ ದೀಪವು ನಮ್ಮ ಹಣತೆಗೆ ಹತ್ತಿರದ ನೆಂಟ. ಅಂಗೈಯಲ್ಲಿ ಹಿಡಿಯುವ ಮಣ್ಣಿನ ಪುಟ್ಟ ಬುಡ್ಡಿ, ಮುಂದುಗಡೆ ಒಂದು ಮೂತಿ, ನಾರಿನ ಬತ್ತಿ, ಒಲೀವ ಎಣ್ಣೆ. ಎಣ್ಣೆ ತೀರಿದರೆ ದೀಪ ಆರುವುದು. ಆದುದರಿಂದಲೇ ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಎಣ್ಣೆಯ ಲೆಕ್ಕ ಬಂದಿರುವುದು. ಉರಿಯನ್ನು ಒಬ್ಬರಿಂದೊಬ್ಬರು ಪಡೆಯಬಹುದು. ಎಣ್ಣೆಯನ್ನು ಮಾತ್ರ ಅವರವರೇ ಕೂಡಿಸಿಟ್ಟಿರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಗೆಳತಿಯ ಟಿಪ್ಪಣಿ ಪುಸ್ತಕಕ್ಕಾಗಿ ಓಡಾಡುವವರಿಗೆ ಈ ಸಾಮ್ಯವು ಬೇಗನೆ ತಿಳಿಯುವುದು.

4. ಡಿಸೆಂಬರ್ 25 ಏಕೆ?

ಕ್ರಿಸ್ತನು ಹುಟ್ಟಿದ ತಿಂಗಳನ್ನಾಗಲಿ ದಿನವನ್ನಾಗಲಿ ಸುವಾರ್ತೆಗಳು ಹೇಳುವುದಿಲ್ಲ. 354ರ ರೋಮಾಪುರಿಯ ಒಂದು ಪಂಚಾಂಗ ಸಂಗ್ರಹದಲ್ಲಿ ಡಿಸೆಂಬರ್ 25 ಕ್ರಿಸ್ತನ ಜನ್ಮದಿನವೆಂದು ಬರೆದಿರುವುದು. ಅದೇ ಸಂಗ್ರಹದ ಇನ್ನೊಂದು ಪಟ್ಟಿಯಲ್ಲಿ ಆ ದಿನವು ಜಯಿಸಲಾಗದ ಸೂರ್ಯನ ಹುಟ್ಟುಹಬ್ಬವೆಂದೂ ಕಾಣುವುದು. 274ರಲ್ಲಿ ಔರೇಲಿಯನ್ ಚಕ್ರವರ್ತಿಯು ರೋಮಿನಲ್ಲಿ ಸೂರ್ಯನಿಗೆ ದೊಡ್ಡ ಗುಡಿಯನ್ನು ಪ್ರತಿಷ್ಠಿಸಿದ್ದನು. ರೋಮಿನ ಹಳೆಯ ಎಣಿಕೆಯಲ್ಲಿ ಡಿಸೆಂಬರ್ 25 ಹಗಲು ಅತಿ ಕಿರಿದಾಗಿ, ಅಲ್ಲಿಂದ ಬೆಳೆಯತೊಡಗುವ ದಿನ. ಆದುದರಿಂದ ಸೂರ್ಯನ ಹಬ್ಬದ ದಿನವನ್ನೇ ಸಭೆಯು ಕ್ರಿಸ್ತನಿಗೆ ಸಮರ್ಪಿಸಿತೆಂದು ಕೆಲವು ಚರಿತ್ರಕಾರರು ಹೇಳುವರು. ಕ್ರಿಸ್ತನ ಗರ್ಭಧಾರಣೆಯು ಮಾರ್ಚ್ 25ರಲ್ಲಿ ಆಯಿತೆಂದು ಪೂರ್ವಿಕರು ಎಣಿಸಿ, ಒಂಬತ್ತು ತಿಂಗಳುಗಳನ್ನು ಕೂಡಿಸಿದರೆಂದು ಬೇರೆ ಕೆಲವರು ಹೇಳುವರು. ಆರ್ಮೇನಿಯದ ಸಭೆಯು ಇಂದಿಗೂ ಜನವರಿ 6ರಲ್ಲಿಯೇ ಈ ಹಬ್ಬವನ್ನು ಆಚರಿಸುತ್ತಿರುವುದು.

ಭೂಗೋಳದ ಪಾಠವನ್ನು ಇಲ್ಲಿ ಸೇರಿಸೋಣ. ಡಿಸೆಂಬರ್ ತಿಂಗಳ ಅತಿ ಕಿರಿದಾದ ಹಗಲು ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಸುಮಾರು 6 ಗಂಟೆ, ಬೇತ್ಲೆಹೇಮಿನಲ್ಲಿ ಸುಮಾರು 10 ಗಂಟೆ, ನಮ್ಮ ಬೆಂಗಳೂರಿನಲ್ಲಿ 11 ಗಂಟೆಗಿಂತಲೂ ಹೆಚ್ಚು. ಆಸ್ಟ್ರೇಲಿಯದಲ್ಲಿಯಾದರೋ ಕ್ರಿಸ್ಮಸ್ ನಡುಬೇಸಗೆಯ ಹಬ್ಬ. ಹಗಲು ಅತಿ ದೀರ್ಘವಾಗಿರುವಾಗ ಅಲ್ಲಿಯವರು ಮೇಣದ ಬತ್ತಿಯನ್ನು ಹಚ್ಚುವರು. ಹಾಗಾದರೆ ಉತ್ತರ ದೇಶಗಳ ಚಳಿಗಾಲದ ಕತ್ತಲೆಯೊಂದೇ ಈ ದೀಪಕ್ಕೆ ಕಾರಣವಾಗಲಾರದು. ಚಳಿಗಾಲವಿಲ್ಲದ ಊರಿನಲ್ಲಿಯೂ ಕತ್ತಲೆಯುಂಟೆಂದು ಬಲ್ಲವರೇ ಅದನ್ನು ಹಚ್ಚುತ್ತಿರುವರು.

5. ದೀಪದಿಂದ ದೀಪಕ್ಕೆ

ಈಗ ಎರಡನೆಯ ಗುಣಕ್ಕೆ ಬರೋಣ. ಎರಡನೆಯ ಶತಮಾನದಲ್ಲಿದ್ದ ಜಸ್ಟಿನ್ ಎಂಬ ರಕ್ತಸಾಕ್ಷಿಯು ತಂದೆಗೂ ಮಗನಿಗೂ ಇರುವ ಸಂಬಂಧವನ್ನು ವಿವರಿಸುವಾಗ ಇದೇ ದೃಷ್ಟಾಂತವನ್ನು ತೆಗೆದುಕೊಂಡನು. ಬೆಂಕಿಯಿಂದ ಬೆಂಕಿಯನ್ನು ಹೊತ್ತಿಸಿದರೆ ಮೊದಲನೆಯದಕ್ಕೆ ಕೊರತೆಯಿಲ್ಲವೆಂದು ಅವನು ಬರೆದನು. 325ರಲ್ಲಿ ನೈಸಿಯದಲ್ಲಿ ಕೂಡಿದ ಮಹಾಸಭೆಯು ತನ್ನ ವಿಶ್ವಾಸಪ್ರಮಾಣದಲ್ಲಿ ಈ ಬೆಳಕಿನ ಮಾತನ್ನೇ ಸೇರಿಸಿತು. ಜ್ಞಾನಸ್ನಾನಕ್ಕೆ ಬೆಳಗಿಸುವಿಕೆ ಎಂಬ ಹೆಸರು ಕೂಡ ಜಸ್ಟಿನನ ಕಾಲದಲ್ಲಿಯೇ ಇತ್ತು.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಎಗೇರಿಯ ಎಂಬ ಹೆಂಗಸು ಪಶ್ಚಿಮ ದೇಶದಿಂದ ಪುಣ್ಯಭೂಮಿಗೆ ಯಾತ್ರೆ ಮಾಡಿ, ತಾನು ಕಂಡುದನ್ನು ತನ್ನ ಸಹೋದರಿಯರಿಗೆ ಬರೆದು ತಿಳಿಸಿದಳು. ಯೆರೂಸಲೇಮಿನಲ್ಲಿ ಪ್ರತಿ ಸಂಜೆಯೂ ದೀಪಾರಾಧನೆ ನಡೆಯುತ್ತಿತ್ತು. ಆಗ ಬೆಂಕಿಯನ್ನು ಹೊರಗಿನಿಂದ ತರದೆ, ಕರ್ತನ ಸಮಾಧಿಯ ಗವಿಯೊಳಗೆ ಹಗಲಿರುಳು ಉರಿಯುವ ದೀಪದಿಂದಲೇ ತೆಗೆದುಕೊಳ್ಳುತ್ತಿದ್ದರೆಂದು ಆಕೆಯು ಹೇಳುವಳು. ಮರಣದ ಗವಿಯಿಂದ ಬೆಳಕು ಹೊರಡುವುದು! ಗೋದಲಿಯ ದೀಪಕ್ಕೂ ಸಮಾಧಿಯ ದೀಪಕ್ಕೂ ಉರಿ ಒಂದೇ ಎಂಬುದನ್ನು ಹಬ್ಬದ ಸಂಭ್ರಮದಲ್ಲಿ ನಾವು ಮರೆಯಲಾಗದು. ಕ್ರಿಸ್ಮಸ್ ಕಳೆದು ನಾಲ್ವತ್ತನೆಯ ದಿನವಾದ ಫೆಬ್ರವರಿ 2ರಲ್ಲಿ ಮೇಣದ ಬತ್ತಿಗಳನ್ನು ಹಿಡಿದು ಸಿಮೆಯೋನನ ಮಾತನ್ನು ನೆನೆಯುವ ಹಬ್ಬವೂ ಉಂಟು.

ಮಕ್ಕಳಿಗೂ ದೀಪಕ್ಕೂ ಕೂಡಿಬಂದ ಕೆಲವು ಆಚಾರಗಳನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಬೇಕು.

ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದ ಲೂಸಿಯಳೆಂಬ ಕನ್ಯೆಯು ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, 304ರಲ್ಲಿ ಪ್ರಾಣಕೊಟ್ಟಳೆಂದು ಸಭೆಯ ಸಂಪ್ರದಾಯವು ಹೇಳುವುದು. ಬೆಳಕೆಂಬ ಅರ್ಥದ ಲತೀನ್ ಶಬ್ದದಿಂದ ಆಕೆಯ ಹೆಸರು ಬಂದಿದೆ. ನೆಲದೊಳಗಿನ ಗವಿಗಳಲ್ಲಿ ಅಡಗಿದ್ದ ವಿಶ್ವಾಸಿಗಳಿಗೆ ಆಹಾರವನ್ನು ಒಯ್ಯುವಾಗ, ಎರಡು ಕೈಗಳೂ ಬಿಡುವಾಗಿರಲೆಂದು ಆಕೆಯು ದೀಪಗಳನ್ನು ತಲೆಯ ಮೇಲೆ ಧರಿಸುತ್ತಿದ್ದಳೆಂದು ಒಂದು ಕಥೆಯುಂಟು. ಆಕೆಯ ಹಬ್ಬವು ಡಿಸೆಂಬರ್ 13. ಸ್ವೀಡನ್ನಿನಲ್ಲಿ ಹಳೆಯ ಪಂಚಾಂಗವು ನಡೆಯುತ್ತಿದ್ದಾಗ ಅದೇ ವರ್ಷದ ಅತಿ ದೀರ್ಘ ರಾತ್ರಿಯೆಂದು ಜನರು ಎಣಿಸುತ್ತಿದ್ದರು. 1753ರಲ್ಲಿ ಪಂಚಾಂಗವು ಬದಲಾದರೂ ಹಬ್ಬವು ಉಳಿಯಿತು. ಇಂದಿಗೂ ಅಲ್ಲಿಯ ಹುಡುಗಿಯರು ಬಿಳಿಯ ಉಡುಪನ್ನು ಉಟ್ಟು, ದೀಪಗಳ ಕಿರೀಟವನ್ನು ಧರಿಸಿ, ಮುಂಜಾವದಲ್ಲಿ ತಿಂಡಿಯನ್ನು ತಂದುಕೊಡುವರು. ತಲೆಯಲ್ಲಿ ಬೆಳಕು, ಕೈಯಲ್ಲಿ ರೊಟ್ಟಿ! ವಿದ್ಯಾವತಿಯಾದ ಹೆಣ್ಣುಮಗಳಿಗೆ ಇದಕ್ಕಿಂತ ಒಳ್ಳೆಯ ಚಿತ್ರವು ಸಿಕ್ಕುವುದು ಕಷ್ಟ.

1747ರ ಡಿಸೆಂಬರ್ 20ರಂದು ಜರ್ಮನಿಯ ಮಾರೀನ್‌ಬೋರ್ನಿನಲ್ಲಿ ಮೊರೇವಿಯನ್ ಸಭೆಯ ಯೋಹಾನ್ನೆಸ್ ಫಾನ್ ವಾಟೆವಿಲ್ಲೆ ಎಂಬ ಬೋಧಕನು ಪ್ರತಿ ಮಗುವಿನ ಕೈಗೂ ಕೆಂಪು ಪಟ್ಟಿ ಸುತ್ತಿದ ಉರಿಯುವ ಬತ್ತಿಯನ್ನು ಕೊಟ್ಟನು. ಅದೇ ಸಭೆಯವರ ನೀಸ್ಕಿ ಎಂಬ ಊರಿನ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾಗದದ ನಕ್ಷತ್ರದೀಪವು ಹುಟ್ಟಿತು. ರೇಖಾಗಣಿತವನ್ನು ಕಲಿಸುವುದಕ್ಕಾಗಿ ಹುಡುಗರಿಂದ ಅದನ್ನು ಮಾಡಿಸುತ್ತಿದ್ದರು. ಅದರ ವಾಡಿಕೆಯ ರೂಪಕ್ಕೆ 25 ಮೊನೆಗಳು: 17ಕ್ಕೆ ಚೌಕದ ಬುಡ, 8ಕ್ಕೆ ತ್ರಿಕೋಣದ ಬುಡ. ಗಣಿತವು ಬೇಸರವೆನ್ನುವ ನಮ್ಮ ಹುಡುಗಿಯರು ಜಗುಲಿಯ ನಕ್ಷತ್ರವನ್ನು ಇನ್ನೊಮ್ಮೆ ನೋಡಲಿ.

ಹಾಂಬುರ್ಗ್ ನಗರದಲ್ಲಿ ಯೋಹಾನ್ ಹಿನ್ರಿಖ್ ವೀಖರ್ನ್ ಎಂಬವನು 1833ರಲ್ಲಿ ದಿಕ್ಕಿಲ್ಲದ ಬಡ ಮಕ್ಕಳಿಗಾಗಿ ಒಂದು ಮನೆಯನ್ನು ತೆರೆದನು. ಕ್ರಿಸ್ಮಸ್ ಎಂದು ಬರುವುದೆಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. 1839ರ ಆಗಮನ ಕಾಲದಲ್ಲಿ ಅವನು ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ 4 ದೊಡ್ಡ ಬಿಳಿಯ ಬತ್ತಿಗಳನ್ನೂ, ವಾರದ ದಿನಗಳಿಗೆ ಕೆಂಪಾದ ಸಣ್ಣ ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದನು. ಕಾಯುವುದನ್ನು ಕಲಿಸುವುದಕ್ಕೆ ಬೈಗುಳಕ್ಕಿಂತಲೂ ಬೆಳಕು ಉತ್ತಮವೆಂದು ಆ ಉಪಾಧ್ಯಾಯನು ತಿಳಿದಿದ್ದನು. ಇಂದು ನಾನಾ ದೇಶಗಳ ದೇವಾಲಯಗಳಲ್ಲಿ ಕಾಣುವ ಆಗಮನ ಕಾಲದ ಹಸುರು ಬಳೆಯು ಆ ಚಕ್ರದ ಸಂತಾನ.

1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಸಂಗಡಿಗನಾದ ಎಡ್ವರ್ಡ್ ಜಾನ್ಸನ್ನನು 80 ಸಣ್ಣ ವಿದ್ಯುದ್ದೀಪಗಳಿಂದ ಕ್ರಿಸ್ಮಸ್ ಮರವನ್ನು ಅಲಂಕರಿಸಿದನು. ಈಗ ಗುಂಡಿಯನ್ನೊತ್ತಿದರೆ ಸಾಕು, ಬೀದಿಯೇ ಬೆಳಗುವುದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗುಂಡಿಯಿಂದ ಹತ್ತುವ ದೀಪವು ಇನ್ನೊಂದು ದೀಪವನ್ನು ಹಚ್ಚಲಾರದು. ಅದಕ್ಕಾಗಿಯೇ ಕ್ರಿಸ್ಮಸ್ ರಾತ್ರಿಯ ಆರಾಧನೆಯಲ್ಲಿ ವಿದ್ಯುದ್ದೀಪಗಳನ್ನು ಆರಿಸಿ, ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ಉರಿಯನ್ನು ದಾಟಿಸುವ ಪದ್ಧತಿಯು ಅನೇಕ ಸಭೆಗಳಲ್ಲಿ ನಿಂತಿರುವುದು. ಹಚ್ಚಬೇಕಾದರೆ ಪಕ್ಕದವರ ಕಡೆಗೆ ತಿರುಗಲೇಬೇಕು, ಬತ್ತಿಯನ್ನು ಬಾಗಿಸಲೇಬೇಕು.

6. ಒಂದು ಎಚ್ಚರಿಕೆ

ಬೆಳಕು ಒಳ್ಳೆಯದು, ಕತ್ತಲೆ ಕೆಟ್ಟದ್ದು ಎಂದು ಹೇಳುತ್ತ ಹೇಳುತ್ತ ಒಂದು ಅಪಾಯಕ್ಕೆ ಬೀಳುವುದುಂಟು. ಬಿಳಿಯ ಬಣ್ಣ ಒಳ್ಳೆಯದು, ಕಪ್ಪು ಬಣ್ಣ ಕೀಳು ಎಂಬ ಸುಳ್ಳು ಅದರ ಹಿಂದೆಯೇ ನುಸುಳಿಬರುವುದು. ಕ್ರಿಸ್ಮಸ್ ನಾಟಕದಲ್ಲಿ ದೇವದೂತರ ವೇಷಕ್ಕೆ ಬೆಳ್ಳಗಿನ ಹುಡುಗಿಯರನ್ನೇ ಆರಿಸುವ ಶಾಲೆಯು, ಕಪ್ಪು ಬಣ್ಣದ ಹುಡುಗಿಯ ಮನಸ್ಸಿನಲ್ಲಿ ಒಂದು ದೀಪವನ್ನು ನಂದಿಸಿದಂತಾಯಿತು. ವಧುವನ್ನು ನೋಡಲು ಬಂದವರು ಆಡುವ ಮಾತನ್ನು ಶಾಲೆಯೇ ಮೊದಲು ಆಡಿದಂತಾಯಿತು. ಇದು ನಮ್ಮ ಶಾಲೆಗಳಲ್ಲಿ ಸಲ್ಲದು.

ಸತ್ಯವೇದದ ಕತ್ತಲೆಗೂ ಮೈಬಣ್ಣಕ್ಕೂ ಏನೇನೂ ಸಂಬಂಧವಿಲ್ಲ. ಸೀನಾಯಿ ಬೆಟ್ಟದಲ್ಲಿ ದೇವರಿದ್ದ ಕಾರ್ಗತ್ತಲೆಯ ಬಳಿಗೆ ಮೋಶೆಯು ಹೋದನೆಂದು ವಿಮೋಚನಕಾಂಡವು ಹೇಳುವುದು. ಯೆಹೋವನು ಕಾರ್ಗತ್ತಲೆಯಲ್ಲಿ ವಾಸಿಸುವೆನೆಂದನೆಂದು ಸೊಲೊಮೋನನು ದೇವಾಲಯದ ಪ್ರತಿಷ್ಠೆಯಲ್ಲಿ ನೆನಸುವನು. 139ನೆಯ ಕೀರ್ತನೆಯು ದೇವರಿಗೆ ಇರುಳೂ ಹಗಲೂ ಒಂದೇ ಎಂದು ಹಾಡುವುದು. ಬೀಜವು ಮೊಳೆಯುವುದು ಕತ್ತಲೆಯಲ್ಲಿ. ಮಗುವು ಬೆಳೆಯುವುದು ತಾಯಿಯ ಗರ್ಭದ ಕತ್ತಲೆಯಲ್ಲಿ. ನಕ್ಷತ್ರವು ಕಾಣಬೇಕಾದರೂ ರಾತ್ರಿಯು ಬೇಕು. ದ್ವೇಷವೂ ಮೋಸವೂ ಅನ್ಯಾಯವೂ ಯಾವ ಕತ್ತಲೆಯೋ ಆ ಕತ್ತಲೆಯನ್ನೇ ಸುವಾರ್ತೆಯು ಬೈಯುವುದು. ಅದು ಎಂಥ ಬೆಳ್ಳಗಿನ ಮುಖದ ಹಿಂದೆಯೂ ಇರಬಹುದು.

7. ಕೊಳಗದ ಕೆಳಗೆ

ಕರ್ತನು ತನ್ನನ್ನು ಮಾತ್ರವೇ ಅಲ್ಲದೆ ತನ್ನ ಶಿಷ್ಯರನ್ನೂ ಲೋಕದ ಬೆಳಕೆಂದು ಕರೆದನು. ದೀಪವನ್ನು ಹಚ್ಚಿ ಕೊಳಗದೊಳಗೆ ಇಡುವವರಿಲ್ಲ, ದೀಪಸ್ತಂಭದ ಮೇಲೆ ಇಡುವರು ಎಂಬ ಅರ್ಥದ ಮಾತನ್ನು ಬೆಟ್ಟದ ಮೇಲೆ ಹೇಳಿದನು. ಕೊಳಗವು ಕೆಟ್ಟ ವಸ್ತುವಲ್ಲ. ಮನೆಯ ಅಕ್ಕಿಯನ್ನು ಅಳೆಯುವ ಯೋಗ್ಯವಾದ ಪಾತ್ರೆ ಅದು. ದೀಪವನ್ನು ಮುಚ್ಚುವುದು ಯಾವಾಗಲೂ ಕೆಟ್ಟ ವಸ್ತುವೇ ಎಂದಿಲ್ಲ. ಮನೆಯ ಲೆಕ್ಕಾಚಾರವೇ ಅದನ್ನು ಮುಚ್ಚಬಹುದು. ಹತ್ತನೆಯ ತರಗತಿಯಾಯಿತು, ಇನ್ನು ಸಾಕು. ತಮ್ಮನ ಓದಿಗೆ ಹಣ ಬೇಕು. ಒಳ್ಳೆಯ ಸಂಬಂಧ ಬಂದಿದೆ ಎಂದು ಪ್ರೀತಿಯುಳ್ಳ ತಂದೆತಾಯಿಗಳೇ ಮಗಳ ಮೇಲೆ ಕೊಳಗವನ್ನು ಬೋರಲು ಹಾಕುವುದುಂಟು. ಉರಿಗೆ ಗಾಳಿ ಇಲ್ಲವಾದರೆ ಮೊದಲು ಅದು ಮಂಕಾಗುವುದು, ಆಮೇಲೆ ಹೊಗೆಯಾಡುವುದು, ಕೊನೆಗೆ ಆರುವುದು. ಆದರೆ ಆರಿಹೋಗುತ್ತಿರುವ ಬತ್ತಿಯನ್ನು ನಂದಿಸದ ಸೇವಕನ ವಿಷಯವನ್ನು ಯೆಶಾಯನು ಬರೆದಿರುವನು. ಅಂಥ ಬತ್ತಿಗೆ ಕೈಮರೆ ಹಿಡಿದು ಎಣ್ಣೆ ಹೊಯ್ಯುವುದೇ ಶಾಲೆಯ ಕೆಲಸ.

1901ರ ಜನಗಣತಿಯ ಕಾಲದಲ್ಲಿ ಹಿಂದೂಸ್ತಾನದ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಒಬ್ಬಳೂ ಇರಲಿಲ್ಲ. 2011ರ ಗಣತಿಯಲ್ಲಿ ನಮ್ಮ ಕರ್ನಾಟಕದಲ್ಲಿ ಓದುಬರಹ ಬಲ್ಲ ಗಂಡಸರು ನೂರಕ್ಕೆ 82.47, ಹೆಂಗಸರು ನೂರಕ್ಕೆ 68.08. ಇದು ಕೃತಜ್ಞತೆಗೆ ಕಾರಣ. ಆದರೂ ನೂರು ಮಂದಿ ಹೆಂಗಸರಲ್ಲಿ ಸುಮಾರು 32 ಮಂದಿಗೆ ಅಕ್ಷರದ ದೀಪವು ಆಗಿನ್ನೂ ಹತ್ತಿರಲಿಲ್ಲ. ಕನ್ನಡ ನಾಡಿಗೆ ಬಂದ ಮಿಷನರಿಗಳು ಬೆಳಕಿಗೂ ಅಕ್ಷರಕ್ಕೂ ಇರುವ ನಂಟನ್ನು ತಿಳಿದಿದ್ದರು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ಪಂಡಿತರು ಮಂಗಳೂರ ಸಮಾಚಾರವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. 1894ರಲ್ಲಿ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು ಅಚ್ಚಾಯಿತು. ಓದಬಾರದವರ ಕೈಯಲ್ಲಿ ಪುಸ್ತಕವು ಹಚ್ಚದ ಹಣತೆಯಂತೆ. ಆದುದರಿಂದ ಅವರು ಪುಸ್ತಕದೊಡನೆ ಶಾಲೆಯನ್ನೂ ಕಟ್ಟಿದರು.

ಇಲ್ಲಿಯೇ ಮೂರನೆಯ ಗುಣವು ನಮ್ಮನ್ನು ಪ್ರಶ್ನಿಸುವುದು. ಶಾಲೆಯ ಹೆಬ್ಬಾಗಿಲಲ್ಲಿ ದೊಡ್ಡ ನಕ್ಷತ್ರವು ಬೆಳಗುತ್ತಿರುವಾಗ, ಅದರ ಕೆಳಗಣ ಅಂಗಳವನ್ನು ಗುಡಿಸುವವಳು ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟನ್ನು ಒತ್ತುತ್ತಿದ್ದರೆ, ಅದೇ ದೀಪದ ಬುಡದ ಕತ್ತಲೆ. ದೂರದ ಊರಿಗೆ ಹಬ್ಬದ ಕಾಣಿಕೆಯನ್ನು ಕಳುಹಿಸುವವಳು ಮನೆಯಲ್ಲಿ ಪಾತ್ರೆ ತಿಕ್ಕುವ ಹುಡುಗಿಯನ್ನು ಹೆಸರು ಹಿಡಿದು ಕರೆಯದಿದ್ದರೆ, ಅದೂ ಆ ಕತ್ತಲೆಯೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿರುವುದು. ದೀಪದ ಬುಡದ ಕತ್ತಲೆಯನ್ನು ಕಳೆಯುವುದಕ್ಕೆ ಆ ದೀಪವೊಂದಕ್ಕೇ ಶಕ್ತಿಯಿಲ್ಲ. ಪಕ್ಕದಲ್ಲಿ ಇನ್ನೊಂದು ದೀಪವು ಬೇಕು. ಎರಡು ದೀಪಗಳನ್ನು ಹತ್ತಿರ ಹತ್ತಿರ ಇಟ್ಟು ನೋಡಿರಿ: ಒಂದರ ನೆರಳನ್ನು ಇನ್ನೊಂದು ಅಳಿಸುವುದು. ಆದುದರಿಂದಲೇ ದೇವರು ನಮ್ಮನ್ನು ಒಂಟಿಯಾಗಿ ಉರಿಯಲು ಬಿಡದೆ ಸಭೆಯಲ್ಲಿಯೂ ಶಾಲೆಯಲ್ಲಿಯೂ ಕೂಡಿಸಿರುವನು.

ಒಂದು ಸಣ್ಣ ಕಾರ್ಯವನ್ನು ಎಲ್ಲರ ಮುಂದೆ ಇಡುವೆವು. ಈ ಹಬ್ಬದಿಂದ ಮುಂದಿನ ಹಬ್ಬದೊಳಗೆ ನಮ್ಮ ಹಿರಿಯ ತರಗತಿಗಳ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಓದಬಾರದ ಒಬ್ಬ ಹೆಂಗಸಿಗೆ ತನ್ನ ಹೆಸರನ್ನು ಬರೆಯಲೂ, ಬಸ್ಸಿನ ಹಲಗೆಯನ್ನೂ ಔಷಧದ ಚೀಟಿಯನ್ನೂ ಓದಲೂ ಕಲಿಸಲಿ. ಅಜ್ಜಿಯಾದರೆ ಇನ್ನೂ ಒಳ್ಳೆಯದು. ಕಲಿಸಿದವಳ ವಿದ್ಯೆಯು ಕುಂದುವುದಿಲ್ಲವೆಂಬುದನ್ನು ನಾವು ಎರಡನೆಯ ಗುಣದಲ್ಲಿ ಆಗಲೇ ಓದಿರುವೆವು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಯೆಶಾಯನ ಕಾಲದಲ್ಲಿ ಜೆಬುಲೋನ್ ನಫ್ತಾಲಿ ಸೀಮೆಗಳ ಕತ್ತಲೆಯು ಯಾವುದು? ಇಂದು ಅಂಥ ಕತ್ತಲೆಯಿರುವ ದೇಶಗಳನ್ನು ಭೂಪಟದಲ್ಲಿ ತೋರಿಸಿರಿ.
2. ಕರ್ತನು ಬೆಳಕಿನ ಮಾತನ್ನು ಸ್ತ್ರೀಯರ ಅಂಗಳದಲ್ಲಿ ಆಡಿದ್ದರಿಂದ ನಾವು ಏನನ್ನು ಕಲಿಯಬಹುದು?
3. ಉರಿಯನ್ನು ಪಡೆಯಬಹುದು, ಎಣ್ಣೆಯನ್ನು ಪಡೆಯಲಾಗದು ಎಂಬುದನ್ನು ನಿಮ್ಮ ಜೀವಿತದ ಉದಾಹರಣೆಯಿಂದ ವಿವರಿಸಿರಿ.
4. ನಿಮ್ಮ ದೀಪದ ಬುಡದಲ್ಲಿ ಯಾರು ಕುಳಿತಿರುವರು? (ಈ ಉತ್ತರವನ್ನು ಬರೆದು ತೋರಿಸಬೇಕಾಗಿಲ್ಲ.)

ಬೇತ್ಲೆಹೇಮಿನ ಆ ರಾತ್ರಿಯಲ್ಲಿ ಲೋಕದ ಕತ್ತಲೆಯೆಲ್ಲವೂ ಒಮ್ಮೆಗೇ ಹರಿಯಲಿಲ್ಲ. ಹೆರೋದನು ಸಿಂಹಾಸನದಲ್ಲಿಯೇ ಇದ್ದನು. ಕುರುಬರು ಮರಳಿ ತಮ್ಮ ಕುರಿಗಳ ಬಳಿಗೇ ಹೋದರು. ಆದರೂ ಒಂದು ದೀಪವು ಹತ್ತಿತು. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು ಹತ್ತುತ್ತ, ಎರಡು ಸಾವಿರ ವರ್ಷಗಳ ಗಾಳಿಮಳೆಗಳಲ್ಲಿಯೂ ಆರದೆ ನಮ್ಮ ಕೈಗಳ ವರೆಗೂ ಬಂದಿರುವುದು. ಇನ್ನು ಅದನ್ನು ದಾಟಿಸುವ ಸರದಿ ನಮ್ಮದು. ಆ ಬೆಳಕಿನ ಕರ್ತನು ನಮ್ಮ ವಿದ್ಯಾರ್ಥಿನಿಯರೆಲ್ಲರನ್ನೂ ಅವರ ಮನೆಗಳನ್ನೂ ಹೊಸ ವರ್ಷದಲ್ಲಿ ಕಾಪಾಡಿ ಬೆಳಗಿಸಲಿ.